ಬಳ್ಳಾರಿಯ ಬಿಸಿಲಿನಲ್ಲಿ ಹಳೆಯ ವ್ಯಾಗನ್ ಆರ್‌ಗೆ ಯಾವ ಎಂಜಿನ್ ಆಯಿಲ್? 10ಡಬ್ಲ್ಯು-40 ಬಳಸಿದ ಮೇಲಿನ ವಿಮರ್ಶೆ

ಬಳ್ಳಾರಿಯಿಂದ ತೋರಣಗಲ್ಲಿಗೆ ನಿತ್ಯದ ಕೆಲಸಕ್ಕೆ ಓಡಾಡುವ ನನ್ನ 2009ರ ಮಾರುತಿ ವ್ಯಾಗನ್ ಆರ್ ಕಾರಿಗೆ ಕಳೆದ ಬೇಸಿಗೆಯಿಂದ ಶೆಲ್ ಹೀಲಿಕ್ಸ್ ಎಚ್‌ಎಕ್ಸ್7 10ಡಬ್ಲ್ಯು-40 ಎಂಜಿನ್ ಆಯಿಲ್ ಹಾಕಿಸುತ್ತಿದ್ದೇನೆ. ಇದು 1061 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಮಾದರಿ. 2010ರಲ್ಲಿ ಬಂದ ಮೂರು ಸಿಲಿಂಡರಿನ ಹೊಸ ಎಂಜಿನ್ನಿನದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಈ ವಯಸ್ಸಿನ, ಈ ಬಗೆಯ ಓಡಾಟದ ಪೆಟ್ರೋಲ್ ಕಾರಿಗೆ ನಮ್ಮ ಜಿಲ್ಲೆಯಲ್ಲಿ 10ಡಬ್ಲ್ಯು-40 ಗ್ರೇಡಿನ (ಆಯಿಲ್ ಎಷ್ಟು ಮಂದ ಎಂದು ಹೇಳುವ ಅಂಕಿಗಳೇ ಗ್ರೇಡ್) ಆಯಿಲ್ ಸರಿಯಾದ ಆಯ್ಕೆ, ಮತ್ತು ಆ ಗ್ರೇಡಿನಲ್ಲಿ ಎಚ್‌ಎಕ್ಸ್7 ಕೊಟ್ಟ ಹಣಕ್ಕೆ ತಕ್ಕ ಸರಕು. ಆದರೆ ಈ ಬರಹದಲ್ಲಿ ಬ್ರ್ಯಾಂಡಿಗಿಂತ ಗ್ರೇಡಿನ ಬಗ್ಗೆಯೇ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮಲ್ಲಿ ಹಳೆಯ ಕಾರುಗಳಿಗೆ ಆಗುತ್ತಿರುವ ಅನ್ಯಾಯವೆಲ್ಲ ಗ್ರೇಡಿನ ವಿಷಯದಲ್ಲೇ ಆಗುತ್ತಿದೆ.

ಬಳ್ಳಾರಿಯ ಯಾವುದೇ ಆಯಿಲ್ ಅಂಗಡಿಗೋ ಗ್ಯಾರೇಜಿಗೋ ಹೋಗಿ ಕಾರು ಹದಿನೈದು ವರ್ಷದ್ದು ಎಂದು ಹೇಳಿ ನೋಡಿ, ಕೈ ನೇರವಾಗಿ 20ಡಬ್ಲ್ಯು-50 ಡಬ್ಬಿಯ ಕಡೆಗೆ ಹೋಗುತ್ತದೆ. "ಹಳೇ ಗಾಡಿಗೆ ದಪ್ಪ ಆಯಿಲೇ ಹಾಕ್ರಿ ಸರ್, ನಮ್ಮೂರ ಬಿಸಿಲಿಗೆ ತೆಳ್ಳಂದು ತಡಿಯಂಗಿಲ್ಲ, ಸೌಂಡೂ ಕಮ್ಮಿ ಆಗ್ತೈತಿ" ಎಂಬ ಮಾತನ್ನು ನಾನು ಬೇರೆಬೇರೆ ಮೆಕ್ಯಾನಿಕ್‌ಗಳ ಬಾಯಲ್ಲಿ ಕೇಳಿದ್ದೇನೆ. ಅವರು ಮೋಸ ಮಾಡಲೆಂದು ಹಾಗೆ ಹೇಳುವುದಿಲ್ಲ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಕಲಿತವರಿಂದ ಕಲಿತ ವಿದ್ಯೆ ಅದು. ಆ ಎಂಜಿನ್‌ಗಳ ಬೇರಿಂಗ್ ಸಂದುಗಳೂ ಅಂದು ಸಿಗುತ್ತಿದ್ದ ಆಯಿಲ್‌ಗಳೂ ಬೇರೆಯೇ ಆಗಿದ್ದವು. ಆ ಮಾತಿನಲ್ಲಿರುವ ಎರಡು ವಾದಗಳನ್ನು, ಅಂದರೆ ಬಿಸಿಲಿನದ್ದನ್ನೂ ಹಳೆತನದ್ದನ್ನೂ, ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಡಬ್ಬಿಯ ಮೇಲಿನ ಎರಡು ಅಂಕಿಗಳಲ್ಲಿ ಡಬ್ಲ್ಯು ಅಕ್ಷರದ ಹಿಂದಿನದು (10ಡಬ್ಲ್ಯು-40ರಲ್ಲಿ 10) ಚಳಿಯಲ್ಲಿ ಆಯಿಲ್ ಹೇಗೆ ವರ್ತಿಸುತ್ತದೆ ಎಂಬುದನ್ನೂ, ಮುಂದಿನದು ಎಂಜಿನ್ ಪೂರ್ತಿ ಕಾದ ಮೇಲೆ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ಹೇಳುತ್ತವೆ. ಮುಂದಿನ ಅಂಕಿಯನ್ನು ನಿರ್ಧರಿಸುವ ಅಳತೆ ನಡೆಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಮಾನಕದ ಪ್ರಕಾರ ಆ ಉಷ್ಣತೆಯಲ್ಲಿ 30ರ ಆಯಿಲ್‌ನ ಸ್ನಿಗ್ಧತೆ, ಅಂದರೆ ಮಂದತನ, 9.3ರಿಂದ 12.5 ಸೆಂಟಿಸ್ಟೋಕ್ಸ್ (ಮಂದತನವನ್ನು ಅಳೆಯುವ ಮಾನ) ಒಳಗೆ, 40ರದು 12.5ರಿಂದ 16.3ರ ಒಳಗೆ, 50ರದು 16.3ರಿಂದ 21.9ರ ಒಳಗೆ ಇರಬೇಕು. ಹಿಂದಿನ ಅಂಕಿಯ ಪರೀಕ್ಷೆಗಳೆಲ್ಲ ಶೂನ್ಯಕ್ಕಿಂತ ಬಹಳ ಕೆಳಗೆ ನಡೆಯುತ್ತವೆ. 20ಡಬ್ಲ್ಯು ಆಯಿಲ್‌ನ ಸ್ಟಾರ್ಟಿಂಗ್ ಪರೀಕ್ಷೆ ಮೈನಸ್ 15ರಲ್ಲಿ, 10ಡಬ್ಲ್ಯು ಆಯಿಲ್‌ನದು ಮೈನಸ್ 25ರಲ್ಲಿ. ಚಳಿಗಾಲದ ನಸುಕಿನಲ್ಲೂ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ಬಳ್ಳಾರಿಯಲ್ಲಿ ಯಾವ ಆಯಿಲ್ ಹಾಕಿದರೂ ಕಾರು ಸ್ಟಾರ್ಟ್ ಆಗುತ್ತದೆ. ಹಾಗಿದ್ದರೆ ನಮಗೆ ಡಬ್ಲ್ಯು ಅಂಕಿಯ ಗೊಡವೆ ಏಕೆ ಎಂದು ಹಲವರು ಕೇಳುತ್ತಾರೆ.

ಇದಕ್ಕೆ ಉತ್ತರ ಕಂಪನಿಗಳು ಪ್ರಕಟಿಸುವ ತಾಂತ್ರಿಕ ಹಾಳೆಗಳಲ್ಲಿಯೇ ಇದೆ. ಪ್ರತಿ ಆಯಿಲ್‌ನ ಸ್ನಿಗ್ಧತೆಯನ್ನು ಅವರು 100 ಡಿಗ್ರಿಯ ಜೊತೆಗೆ 40 ಡಿಗ್ರಿಯಲ್ಲಿಯೂ ಅಳೆದು ಕೊಟ್ಟಿರುತ್ತಾರೆ. 40 ಡಿಗ್ರಿ ಎಂದರೆ ನಮ್ಮ ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನದ ಉಷ್ಣತೆ. ಆ ಉಷ್ಣತೆಯಲ್ಲಿ 10ಡಬ್ಲ್ಯು-40 ಆಯಿಲ್ ಸಾಮಾನ್ಯವಾಗಿ 90ರಿಂದ 100 ಸೆಂಟಿಸ್ಟೋಕ್ಸ್ ಆಸುಪಾಸಿನಲ್ಲಿರುತ್ತದೆ, 20ಡಬ್ಲ್ಯು-50 ಆಯಿಲ್ 160ರ ಮೇಲಿರುತ್ತದೆ. ಎಂದರೆ, ರಸ್ತೆಯ ಡಾಂಬರು ಕರಗುವಂಥ ಬಿಸಿಲಿನಲ್ಲಿ ನಿಲ್ಲಿಸಿದ ಕಾರನ್ನು ಸ್ಟಾರ್ಟ್ ಮಾಡಿದಾಗಲೂ ಅದರೊಳಗಿನ ಆಯಿಲ್ ತಾನು ಕೆಲಸ ಮಾಡಬೇಕಾದ ಹದಕ್ಕಿಂತ ಆರೇಳು ಪಟ್ಟು, 20ಡಬ್ಲ್ಯು-50 ಆಗಿದ್ದರೆ ಎಂಟೊಂಬತ್ತು ಪಟ್ಟು ಮಂದವಾಗಿಯೇ ಇರುತ್ತದೆ. ಬೆಳಿಗ್ಗೆ ಆರು ಗಂಟೆಗೆ, ಇಪ್ಪತ್ತು ಇಪ್ಪತ್ತೈದು ಡಿಗ್ರಿಯಲ್ಲಿ, ಈ ಅಂತರ ಇನ್ನೂ ಹೆಚ್ಚು. ಬಳ್ಳಾರಿಯ ಬಿಸಿಲಿಗೆ ಆಯಿಲ್ ತೆಳುವಾಗಿ ಹೋಗುತ್ತದೆ ಎಂದು ನಾವು ಹೆದರುತ್ತೇವೆ. ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲಿ ನಿಜವಾದ ತೊಂದರೆ ಇದಕ್ಕೆ ವಿರುದ್ಧವಾದದ್ದು. ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಇರುವುದು ಎಂಜಿನ್ನಿನ ತಲೆಯಲ್ಲಿ, ಆಯಿಲ್ ಇರುವುದು ಬುಡದ ಸಂಪಿನಲ್ಲಿ. ರಾತ್ರಿಯೆಲ್ಲ ಕೆಳಗಿಳಿದು ಕೂತ ಆಯಿಲ್ ಮತ್ತೆ ಮೇಲೇರುವುದು ಎಷ್ಟು ತಡವಾದರೆ ಅಷ್ಟು ಸವೆತ.

ಇನ್ನು ಎಂಜಿನ್ ಕಾದ ಮೇಲಿನ ಮಾತು. ಕೂಲಂಟ್ ಸುಮಾರು 80, 90 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುವಂತೆ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನ್ ನೋಡಿಕೊಳ್ಳುತ್ತವೆ. ಹೊರಗೆ 28 ಡಿಗ್ರಿ ಇದ್ದದ್ದು 42 ಆದ ಮಾತ್ರಕ್ಕೆ ಎಂಜಿನ್ನಿನೊಳಗಿನ ಉಷ್ಣತೆಯೂ ಹದಿನಾಲ್ಕು ಡಿಗ್ರಿ ಏರುವುದಿಲ್ಲ. ಎಸಿ ಹಾಕಿಕೊಂಡು ಸುಧಾ ಕ್ರಾಸಿನ ರೈಲ್ವೆ ಗೇಟಿನ ಮುಂದೆ ಕಾಯುವಾಗ, ಕುಡತಿನಿ ಕಡೆಗೆ ಸಾಲುಗಟ್ಟಿ ಹೋಗುವ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಆಯಿಲ್ ಹೆಚ್ಚು ಕಾಯುವುದು ಸತ್ಯವೇ. ಅಂಥ ಹೊತ್ತಿಗೆ ಬೇಕಾದ ರಕ್ಷಣೆಯನ್ನು 40ರ ಅಂಕಿ ಕೊಡುತ್ತದೆ. 150 ಡಿಗ್ರಿಯಲ್ಲಿ, ಬೇರಿಂಗಿನ ಒತ್ತಡದಂಥ ಒತ್ತಡದಲ್ಲಿ ನಡೆಯುವ ಇನ್ನೊಂದು ಪರೀಕ್ಷೆಯಿದೆ. ಅದರಲ್ಲಿ 30ರ ಆಯಿಲ್‌ನ ಮಂದತನ ಕನಿಷ್ಠ 2.9 ಮಿಲಿಪಾಸ್ಕಲ್ ಸೆಕೆಂಡ್ ಇದ್ದರೆ ಸಾಕು, 10ಡಬ್ಲ್ಯು-40ಕ್ಕೆ ಕನಿಷ್ಠ 3.5, 50ರ ಆಯಿಲ್‌ಗೆ ಕನಿಷ್ಠ 3.7. 30ರಿಂದ 40ಕ್ಕೆ ಹೋದಾಗ ಸಿಗುವ ಲಾಭ ದೊಡ್ಡದು. 40ರಿಂದ 50ಕ್ಕೆ ಹೋದಾಗ ಸಿಗುವುದು ಸಣ್ಣದು, ಅದಕ್ಕಾಗಿ ಮುಂಜಾನೆಯ ಸ್ಟಾರ್ಟಿನಲ್ಲಿ ಕಳೆದುಕೊಳ್ಳುವುದು ಹೆಚ್ಚು. ನಾನು 10ಡಬ್ಲ್ಯು-40ರಲ್ಲಿ ನಿಂತದ್ದು ಈ ಲೆಕ್ಕದ ಮೇಲೆ. ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ಉಷ್ಣತೆಗೆ ತಕ್ಕಂತೆ ಯಾವ ಗ್ರೇಡ್ ಎಂದು ತೋರಿಸುವ ಪಟ್ಟಿಗಳ ಚಿತ್ರವೊಂದಿರುತ್ತದೆ. ಆಯ್ಕೆ ಏನೇ ಇರಲಿ, ಅದು ಆ ಚಿತ್ರದೊಳಗೆ ಇರಲೇಬೇಕು. ಹೊಸ ಕಾರುಗಳಿಗೆ ಬರುವ 0ಡಬ್ಲ್ಯು-20 ಆಯಿಲ್ ಒಳ್ಳೆಯದೆಂದು ಕೇಳಿ ಹಳೆಯ ಎಂಜಿನ್ನಿಗೆ ಸುರಿಯುವವರೂ ಇದ್ದಾರೆ. ಅಷ್ಟು ತೆಳುವಾದ ಆಯಿಲ್‌ಗೆಂದೇ ರೂಪಿಸದ ಎಂಜಿನ್ನಿಗೆ ಅದು ಬೇಡವೇ ಬೇಡ.

ಹಳೆತನದ ವಾದವೂ ಅರ್ಧ ಸತ್ಯ. ಎಂಜಿನ್ ನಿಜವಾಗಿ ಸವೆದಿದ್ದರೆ, ಅಂದರೆ ಚೆನ್ನಾಗಿ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿನುಗುತ್ತಿದ್ದರೆ ಮತ್ತು ಗೇಜ್ ಹಾಕಿ ನೋಡಿದಾಗ ಪ್ರೆಶರ್ ಕಡಿಮೆಯೆಂದು ಖಚಿತವಾಗಿದ್ದರೆ, ಕೈಪಿಡಿ ಒಪ್ಪುವ ಮಿತಿಯಲ್ಲಿ ಒಂದು ಗ್ರೇಡ್ ಮೇಲೆ ಹೋಗುವುದು ನ್ಯಾಯ. ಅಂಥವರು 20ಡಬ್ಲ್ಯು-50 ಹಾಕಿಸಿದರೆ ನಾನು ಬೇಡ ಎನ್ನುವುದಿಲ್ಲ. ಕ್ಯಾಸ್ಟ್ರಾಲ್ ಜಿಟಿಎಕ್ಸ್‌ನಂಥ ಆಯಿಲ್ ಆ ಕೆಲಸಕ್ಕೆ ಎಲ್ಲ ಕಡೆ ಸಿಗುತ್ತದೆ. ಆದರೆ ವರ್ಷ ಎಣಿಸಿ ಗ್ರೇಡ್ ಏರಿಸುವುದು ತಪ್ಪು. ಟ್ಯಾಪೆಟ್ ಸದ್ದು ದಪ್ಪ ಆಯಿಲ್‌ನಿಂದ ಕಡಿಮೆಯಾಯಿತು ಎನ್ನುವುದನ್ನು ದುರಸ್ತಿ ಎಂದು ತಿಳಿಯಬಾರದು. ಸದ್ದಿನ ಕಾರಣ ಕ್ಲಿಯರೆನ್ಸ್, ಅಂದರೆ ವಾಲ್ವ್ ಭಾಗಗಳ ನಡುವಿನ ಸಂದು, ಆಗಿದ್ದರೆ ಅದನ್ನು ಅಳೆದು ಹೊಂದಿಸಬೇಕು. ಆಯಿಲ್ ಕುಡಿಯುವ ಕಾರಿನ ವಿಷಯವೂ ಹೀಗೆಯೇ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತುಹೋದರೆ ಅನುಮಾನ ವಾಲ್ವ್ ಸೀಲುಗಳ ಮೇಲೆ. ಆಕ್ಸಿಲರೇಟರ್ ಒತ್ತಿ ಎಳೆಯುವಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗುಗಳ ಮೇಲೆ. ಹೊಗೆಯೇ ಇಲ್ಲದೆ ಮಟ್ಟ ಇಳಿಯುತ್ತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ಟನ್ನೂ ಡ್ರೈನ್ ಬೋಲ್ಟಿನ ವಾಷರನ್ನೂ ಮೊದಲು ನೋಡಬೇಕು. ಗ್ಯಾಸ್ಕೆಟ್ ಬದಲಿಸುವ ಖರ್ಚು ಸಣ್ಣದು. ಅದನ್ನು ಬಿಟ್ಟು ಪ್ರತಿ ಸಲ ದಪ್ಪ ಆಯಿಲ್ ಸುರಿಯುತ್ತ ಹೋಗುವುದು ದುಡ್ಡಿಗೂ ಎಂಜಿನ್ನಿಗೂ ನಷ್ಟ.

ಗ್ರೇಡಿನಷ್ಟೇ ಮುಖ್ಯವಾದದ್ದು ಡಬ್ಬಿಯ ಹಿಂಬದಿಯ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆಯ ಅಕ್ಷರಗಳು, ಮತ್ತು ಕೊಳ್ಳುವವರಲ್ಲಿ ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಪೆಟ್ರೋಲ್ ಎಂಜಿನ್ನಿನ ಆಯಿಲ್‌ಗೆ ಎಸ್ ಅಕ್ಷರದಿಂದ ಶುರುವಾಗುವ ದರ್ಜೆ: 2001ರಲ್ಲಿ ಎಸ್‌ಎಲ್, 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಬಂದವು. ಈ ಸಾಲಿನಲ್ಲಿ ನಂತರ ಬಂದ ದರ್ಜೆಯನ್ನು ಹಿಂದಿನ ದರ್ಜೆ ಕೇಳುವ ಎಂಜಿನ್ನಿಗೆ ಹಾಕಬಹುದು. 2009ರ ಕಾರಿಗೆ ಇಂದಿನ ದರ್ಜೆಯ ಆಯಿಲ್ ಹಾಕುವುದರಿಂದ ಹಾನಿಯಿಲ್ಲ, ಜಿಡ್ಡು ಕಟ್ಟದಂತೆ ತಡೆಯುವ ಶಕ್ತಿ ಹೆಚ್ಚಿರುವುದರಿಂದ ಲಾಭವೇ ಇದೆ. ನಾನು ತಂದ ಎಚ್‌ಎಕ್ಸ್7 ಡಬ್ಬಿಯ ಮೇಲೆ ಎಸ್‌ಎನ್ ಪ್ಲಸ್ ಎಂದಿತ್ತು, ಜೊತೆಗೆ ಯುರೋಪಿನ ಎಸಿಇಎ ಸಂಸ್ಥೆಯ ಎ3/ಬಿ4 ದರ್ಜೆಯೂ ಇತ್ತು. ಬೇರೆ ಬ್ರ್ಯಾಂಡ್ ಕೊಳ್ಳುವವರು, ಅದು ಇಂಡಿಯನ್ ಆಯಿಲ್‌ನ ಸರ್ವೊ ಆಗಲಿ, ಭಾರತ್ ಪೆಟ್ರೋಲಿಯಂನ ಮ್ಯಾಕ್ ಆಗಲಿ, ಮೊಬಿಲ್ ಆಗಲಿ, ಗ್ರೇಡ್ 10ಡಬ್ಲ್ಯು-40, ದರ್ಜೆ ಎಸ್‌ಎನ್ ಅಥವಾ ಅದಕ್ಕಿಂತ ಮುಂದಿನದು ಎಂಬುದನ್ನು ಓದಿ ನೋಡಿ ತೆಗೆದುಕೊಂಡರೆ ನನ್ನಷ್ಟೇ ನಿಶ್ಚಿಂತೆಯಿಂದ ಇರಬಹುದು. 15ಡಬ್ಲ್ಯು-40 ಸಿಕ್ಕರೂ ಕೈಪಿಡಿ ಒಪ್ಪಿದರೆ ನಮ್ಮ ಹವೆಗೆ ಅಡ್ಡಿಯಿಲ್ಲ.

ಎರಡು ತಪ್ಪು ಡಬ್ಬಿಗಳ ಬಗ್ಗೆ ಎಚ್ಚರಿಕೆ ಹೇಳಬೇಕು. ಒಂದು, ಬೈಕಿನ ಆಯಿಲ್. ಅದು ಗೇರ್‌ಬಾಕ್ಸ್ ಮತ್ತು ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್‌ಗೂ ಸೇರಿ ಮಾಡಿದ್ದು. ಜಾಸೊ ಎಂಎ (ಬೈಕಿನ ಆಯಿಲ್‌ಗೆ ಕೊಡುವ ಜಪಾನಿನ ದರ್ಜೆ) ಎಂದು ಬರೆದಿರುವ 20ಡಬ್ಲ್ಯು-40 ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದು ಕಾರಿಗೆ ಹಾಕಬಾರದು. ಇನ್ನೊಂದು, ಲಾರಿ, ಟ್ರ್ಯಾಕ್ಟರ್‌ಗಳ ಡೀಸೆಲ್ ಆಯಿಲ್. ಅದಿರಿನ ಲಾರಿಗಳಿರುವ ನಮ್ಮೂರಿನಲ್ಲಿ ಅದು ಡ್ರಮ್ಮುಗಟ್ಟಲೆ ಸಿಗುತ್ತದೆ, ಲೂಸ್ ಆಗಿ ಲೀಟರ್ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಸಿಎಚ್-4, ಸಿಐ-4 ಮುಂತಾದ ಸಿ ದರ್ಜೆ ಮಾತ್ರ ಇದ್ದು ಎಸ್ ದರ್ಜೆ ಇಲ್ಲದ ಆಯಿಲ್ ಪೆಟ್ರೋಲ್ ಕಾರಿಗೆ ತಕ್ಕುದಲ್ಲ. ಅದರಲ್ಲಿ ಹೆಚ್ಚಿರುವ ರಂಜಕದ ಅಂಶ ದಿನ ಕಳೆದಂತೆ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಕುತ್ತು ತರುತ್ತದೆ.

ಇನ್ನು ಸಿಂಥೆಟಿಕ್ ಎಂಬ ಹೆಸರು. ಮಿನರಲ್ (ಕಚ್ಚಾ ತೈಲವನ್ನು ಶುದ್ಧಮಾಡಿದ್ದು), ಸೆಮಿ ಸಿಂಥೆಟಿಕ್ (ಬೆರಕೆ), ಫುಲ್ಲಿ ಸಿಂಥೆಟಿಕ್ (ಪೂರ್ಣ ಸಿಂಥೆಟಿಕ್) ಎಂಬ ಮೂರು ಮೆಟ್ಟಿಲುಗಳಲ್ಲಿ ಎಚ್‌ಎಕ್ಸ್7 ನಡುವಿನದು. ಬೆಲೆಯೂ ಮಿನರಲ್‌ಗಿಂತ ಒಂದಷ್ಟು ಹೆಚ್ಚು, ಪೂರ್ಣ ಸಿಂಥೆಟಿಕ್‌ಗಿಂತ ಸಾಕಷ್ಟು ಕಡಿಮೆ. ಸೆಮಿ ಎಂದು ಬರೆದ ಡಬ್ಬಿಯಲ್ಲಿ ಇಂತಿಷ್ಟೇ ಪಾಲು ಸಿಂಥೆಟಿಕ್ ಇರಬೇಕೆಂದು ಎಪಿಐ ದರ್ಜೆಗಳಲ್ಲಿ ಎಲ್ಲಿಯೂ ಗೊತ್ತುಪಡಿಸಿಲ್ಲ. ಆದ್ದರಿಂದ ಆ ಪದಕ್ಕಿಂತ ಗ್ರೇಡ್ ಮತ್ತು ದರ್ಜೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸಿಂಥೆಟಿಕ್ ಹಾಕಿದರೆ ಹಳೆಯ ಎಂಜಿನ್ ಸೋರುತ್ತದೆ ಎಂಬ ಭಯ ಈಗ ಬೇಡ. ಹಾಗೆ ಸೋರಿದ್ದೇ ಆದರೆ, ಮೊದಲೇ ಗಟ್ಟಿಯಾಗಿ ಬಿರುಕುಬಿಟ್ಟಿದ್ದ ಸೀಲಿನ ಸುತ್ತ ಅಂಟಿದ್ದ ಜಿಡ್ಡನ್ನು ಹೊಸ ಆಯಿಲ್ ತೊಳೆದಿರುತ್ತದೆ, ಅಷ್ಟೆ, ಬದಲಿಸಬೇಕಾದದ್ದು ಸೀಲನ್ನು. ಆದರೂ ನನ್ನ ಕಾರಿಗೆ ಪೂರ್ಣ ಸಿಂಥೆಟಿಕ್ ಹಾಕಿಸುವುದಿಲ್ಲ, ಕಾರಣ ನಮ್ಮ ಧೂಳು.

ಪೂರ್ಣ ಸಿಂಥೆಟಿಕ್ ಆಯಿಲ್‌ನ ಮುಖ್ಯ ಆಕರ್ಷಣೆ ಅದು ಹೆಚ್ಚು ಕಾಲ ಕೆಡದೆ ಉಳಿಯುತ್ತದೆ ಎಂಬುದು. ಬಳ್ಳಾರಿ, ಸಂಡೂರು, ತೋರಣಗಲ್ಲು ಸೀಮೆಯಲ್ಲಿ ಆಯಿಲ್ಲನ್ನು ಅಷ್ಟು ಕಾಲ ಎಂಜಿನ್ನಿನಲ್ಲಿ ಬಿಡುವುದೇ ಸರಿಯಲ್ಲ. ನನ್ನ ಕಾರಿನ ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ, ಕಾಗದದ ಮಡಿಕೆಗಳ ನಡುವೆ ಕಾವಿ ಬಣ್ಣದ ನುಣುಪಾದ ಪುಡಿ ಗೆರೆಗೆರೆಯಾಗಿ ಕೂತಿರುತ್ತದೆ. ಬೆರಳಿನಲ್ಲಿ ತೀಡಿದರೆ ಕುಂಕುಮದಂತೆ ಅಂಟಿಕೊಳ್ಳುತ್ತದೆ, ಆದರೆ ಉಗುರಿನ ಮೇಲೆ ಉಜ್ಜಿದರೆ ಗರಗರ ಎನ್ನುತ್ತದೆ. ಅದಿರಿನ ಪುಡಿಯೂ ರಸ್ತೆಯ ಮರಳಿನ ಪುಡಿಯೂ ಸೇರಿದ ಈ ಧೂಳು ಫಿಲ್ಟರಿನ ಅಂಚಿನ ರಬ್ಬರು ಸರಿಯಾಗಿ ಕೂರದೆ ಒಳಗೆ ನುಗ್ಗಿದರೆ ಸಿಲಿಂಡರಿನ ಗೋಡೆಯನ್ನೂ ರಿಂಗನ್ನೂ ಉಜ್ಜಿ, ಕೊನೆಗೆ ಆಯಿಲ್‌ಗೆ ಇಳಿಯುತ್ತದೆ. ಎಷ್ಟೇ ದುಬಾರಿಯ ಆಯಿಲ್ ಆಗಿರಲಿ, ಅದರಲ್ಲಿ ಕಲೆತ ಮರಳನ್ನು ಕರಗಿಸಲಾರದು. ಅದಕ್ಕಾಗಿ ನಾನು ಫಿಲ್ಟರಿಗೆ ಗಾಳಿ ಹೊಡೆಸುವುದನ್ನು ಕಡಿಮೆ ಮಾಡಿ, ಬದಲಿಸುವುದನ್ನು ಹೆಚ್ಚು ಮಾಡಿದ್ದೇನೆ. ಗಾಳಿ ಹೊಡೆಸುವುದೇ ಆದರೆ ಒಳಗಿನಿಂದ ಹೊರಕ್ಕೆ, ದೂರದಿಂದ, ಮೆಲ್ಲಗೆ ಹೊಡೆಸಬೇಕು. ಟೈರಿನ ಗಾಳಿಯ ಕೊಳವೆಯನ್ನು ಕಾಗದಕ್ಕೆ ಒತ್ತಿ ಹಿಡಿದರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ಸಾಮಾನ್ಯ ಓಡಾಟಕ್ಕೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಎಂದು ಹೇಳುವ ಕೈಪಿಡಿಗಳೇ, ಧೂಳಿನ ರಸ್ತೆ, ನಿಂತು ನಿಂತು ಸಾಗುವ ಓಡಾಟ, ಎಂಜಿನ್ ಕಾಯುವ ಮುನ್ನವೇ ಮುಗಿಯುವ ಸಣ್ಣ ಪ್ರಯಾಣ ಇವುಗಳಿಗೆ ಬೇರೆಯದೇ ಪಟ್ಟಿ ಕೊಟ್ಟು ಅವಧಿಯನ್ನು ತಗ್ಗಿಸುತ್ತವೆ. ನಮ್ಮ ಓಡಾಟ ಆ ಎರಡನೇ ಪಟ್ಟಿಗೇ ಸೇರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದ 5,000 ಕಿಲೋಮೀಟರಿಗೆ, ಅಷ್ಟು ಓಡದಿದ್ದರೆ ಆರು ತಿಂಗಳಿಗೆ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಒಟ್ಟಿಗೆ ಬದಲಿಸುತ್ತೇನೆ. ದುಬಾರಿ ಆಯಿಲ್ ಒಂದು ಸಲ ಹಾಕಿ ವರ್ಷವಿಡೀ ಓಡಿಸುವುದಕ್ಕಿಂತ, ನಡುಬೆಲೆಯ ಒಳ್ಳೆಯ ಆಯಿಲ್ಲನ್ನು ಎರಡು ಸಲ ಹಾಕುವುದು ಇಲ್ಲಿಗೆ ಹೊಂದುತ್ತದೆ. ಬಣ್ಣ ನೋಡಿ ಮಾತ್ರ ನಿರ್ಧರಿಸಬಾರದು. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದೇ ಆಯಿಲ್‌ನ ಕೆಲಸವಾದ್ದರಿಂದ ಅದು ಬೇಗ ಕಪ್ಪಾಗುವುದು ಕೆಟ್ಟ ಲಕ್ಷಣವಲ್ಲ. ಗ್ಯಾಸ್ ಕಿಟ್ ಇರುವ ಕಾರುಗಳಲ್ಲಿ ಆಯಿಲ್ ಬಹುಕಾಲ ತಿಳಿಯಾಗಿ ಕಾಣುತ್ತದೆ, ಆದರೂ ಒಳಗೊಳಗೆ ಹಳತಾಗುತ್ತಿರುತ್ತದೆ.

ಬಳಕೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಳಗಿನ ಸ್ಟಾರ್ಟಿನಲ್ಲಿ ಮೊದಲು ಕೇಳುತ್ತಿದ್ದ ಟಕಟಕ ಸದ್ದು ಈಗ ಬಹಳ ಬೇಗ ಅಡಗುತ್ತದೆ. ಮೇಯಲ್ಲಿ ಎಸಿ ಹಾಕಿ ಹೊಸಪೇಟೆಯವರೆಗೆ ಹೋಗಿ ಬಂದಾಗಲೂ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಹೊತ್ತಲಿಲ್ಲ. ಬದಲಾವಣೆಯಿಂದ ಬದಲಾವಣೆಯವರೆಗೆ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನಿಂದ ಮಟ್ಟ ಸ್ವಲ್ಪ ಇಳಿಯುತ್ತದೆ, ಕೆಳಗಿನ ಗುರುತನ್ನು ಮುಟ್ಟುವುದಿಲ್ಲ. ಈ ವಯಸ್ಸಿನ ಎಂಜಿನ್ನಿಗೆ ಅದು ಸಹಜ. ಮೈಲೇಜಿನಲ್ಲಿ ನನಗೆ ಎದ್ದು ಕಾಣುವ ವ್ಯತ್ಯಾಸ ಸಿಕ್ಕಿಲ್ಲ, ಅದನ್ನು ನಿರೀಕ್ಷಿಸಿ ಈ ಆಯಿಲ್ ಕೊಳ್ಳಬೇಡಿ.

ಬದಲಿಸುವಾಗ ಎದುರಿಗೆ ನಿಲ್ಲುವುದು ಒಳ್ಳೆಯದು. ಎಂಜಿನ್ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ತೆಗೆಸಿ, ಧಾರೆ ನಿಂತು ಹನಿ ಬೀಳುವವರೆಗೆ ಕಾಯಬೇಕು. ಬೋಲ್ಟಿಗೆ ಹೊಸ ವಾಷರ್, ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಒಂದಿಷ್ಟು ಹೊಸ ಆಯಿಲ್ ಸವರುವುದು, ಇವೆರಡನ್ನು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ. ಡಬ್ಬಿಯಲ್ಲಿದ್ದಷ್ಟನ್ನೂ ಒಂದೇ ಸಲ ಬಗ್ಗಿಸದೆ, ಕೊನೆಯ ಅರ್ಧ ಲೀಟರನ್ನು ಡಿಪ್‌ಸ್ಟಿಕ್ ನೋಡಿ ನೋಡಿ ಹಾಕಬೇಕು. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಬೇರಿಂಗಿಗೆ ರಕ್ಷಣೆಯಿಲ್ಲ. ಎಂಜಿನ್ನಿನ ಒಳಗನ್ನು ತೊಳೆಯುವ ಫ್ಲಶ್ ದ್ರಾವಣ ಹಾಕೋಣ ಎಂದು ಮೆಕ್ಯಾನಿಕ್ ಹೇಳಿದರೆ ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಕಟ್ಟಿದ ಜಿಡ್ಡು ಒಮ್ಮೆಲೇ ಎದ್ದು ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುವ ಅಪಾಯ ಅದರಲ್ಲಿದೆ. ಅದರ ಬದಲು ಮೊದಲ ಒಂದೆರಡು ಬಾರಿ ಆಯಿಲ್ಲನ್ನು ಇನ್ನೂ ಬೇಗ ಬದಲಿಸಿದರೆ ಜಿಡ್ಡು ನಿಧಾನವಾಗಿ ತಾನೇ ಕರಗುತ್ತದೆ.

ಕೊಳ್ಳುವಾಗ ಸೀಲ್, ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆ ನೋಡಿ, ಬಿಲ್ ಪಡೆಯಿರಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಇಡಿಯಾಗಿ ಬಿಟ್ಟು ಬರಬೇಡಿ, ಸ್ಕ್ರೂಡ್ರೈವರಿನಿಂದ ತೂತು ಮಾಡಿ ಬಿಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾದದ್ದು ಅಸಲಿ ಡಬ್ಬಿಯೇ. ಹಳೆಯ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು. ಅದನ್ನು ಚರಂಡಿಗೆ ಸುರಿಯುವ ಗ್ಯಾರೇಜಿಗಿಂತ, ಡ್ರಮ್ಮಿನಲ್ಲಿ ಕೂಡಿಸಿಟ್ಟು ಮರುಸಂಸ್ಕರಣೆಗೆ ಕೊಡುವ ಗ್ಯಾರೇಜನ್ನು ಆರಿಸಿಕೊಳ್ಳಿ.

ಈ ವಿಮರ್ಶೆ ಎಲ್ಲ ಕಾರುಗಳಿಗೆ ಅನ್ವಯಿಸುವುದಿಲ್ಲ. ಡೀಸೆಲ್ ಕಾರು ಅಥವಾ ಟರ್ಬೊ ಪೆಟ್ರೋಲ್ ಇರುವವರು ತಮ್ಮ ಕೈಪಿಡಿ ಹೇಳುವ ದರ್ಜೆಯಿಂದ ಆಚೀಚೆ ಸರಿಯಬಾರದು. 2010ರ ನಂತರದ ಮೂರು ಸಿಲಿಂಡರ್ ವ್ಯಾಗನ್ ಆರ್ ಇರುವವರೂ ಮೊದಲು ಕೈಪಿಡಿ ತೆರೆಯಲಿ. ಆ ಎಂಜಿನ್ನಿಗೆ ತೆಳುವಾದ ಗ್ರೇಡುಗಳನ್ನೇ ಸೂಚಿಸಿದ್ದರೆ ಅದನ್ನೇ ಹಾಕಿಸಬೇಕು, ಬಿಸಿಲಿನ ನೆಪ ಹೇಳಿ ದಪ್ಪ ಮಾಡಬಾರದು. 2010ಕ್ಕಿಂತ ಹಿಂದಿನ ವ್ಯಾಗನ್ ಆರ್, ಎಸ್ಟಿಲೊ 1.1, ಹಳೆಯ ಸ್ಯಾಂಟ್ರೊ ಇವುಗಳನ್ನು ಇನ್ನೂ ಪ್ರೀತಿಯಿಂದ ಓಡಿಸುತ್ತಿರುವ ನಮ್ಮ ಜಿಲ್ಲೆಯವರು, ಕೈಪಿಡಿಯ ಚಿತ್ರದಲ್ಲಿ 10ಡಬ್ಲ್ಯು-40 ಇದೆಯೆಂದು ಖಚಿತಪಡಿಸಿಕೊಂಡು, ಮುಂದಿನ ಸರ್ವಿಸಿಗೆ ಈ ಆಯಿಲ್ ಹಾಕಿಸಿ ನೋಡಬಹುದು.